ಬಿ.ಎಚ್. ರಸ್ತೆಯ ಇನ್ನೊಂದು ತುದಿ

ತಿಪಟೂರು,
ಶ್ರಾವಣ ಸೋಮವಾರ, ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ಅಮ್ಮನ ಸಕ್ಕರೆ ಈ ತಿಂಗಳು ಹತೋಟಿಯಲ್ಲಿದೆ. ಮಳೆ ಸುಮಾರಾಗಿ ಬಂದಿದೆ, ಹೊಲದಲ್ಲಿ ರಾಗಿ ಪೈರು ಎದ್ದಿದೆ. ಫೋನಿನಲ್ಲಿ ಹೇಳಬಹುದಾದದ್ದನ್ನು ಅಪ್ಪ ಯಾಕೆ ಕಾಗದದಲ್ಲಿ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಊಟವಾಯಿತೇ, ಮಳೆ ಬಂತೇ ಎಂಬುದರ ಆಚೆಗೆ ನನಗೆ ಮಾತು ಹೊರಡುವುದಿಲ್ಲ. ಮೇ ತಿಂಗಳಿನಿಂದ ಹೀಗೇ ಆಗಿದೆ. ನೀನೂ ಆ ವಿಷಯ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನಡುವೆ ಅಮ್ಮ ಒಬ್ಬಳೇ ಸವೆಯುತ್ತಿದ್ದಾಳೆ.

ಆ ರಾತ್ರಿ ಊಟಕ್ಕೆ ಕುಳಿತಿದ್ದಾಗ ನೀನು ಹೇಳಿದೆ: "ಅಪ್ಪ, ಕೆಲಸ ಬಿಡುತ್ತಿದ್ದೇನೆ. ಹೊನ್ನಾವರದ ಹತ್ತಿರ ಕರ್ಕಿಯಲ್ಲಿ ಒಂದು ಮನೆ ನೋಡಿದ್ದೇನೆ. ಸ್ವಲ್ಪ ವರ್ಷ ಸಮುದ್ರದ ಹತ್ತಿರ ಇರುತ್ತೇನೆ." ನಾನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದೆ. "ಹನ್ನೊಂದು ವರ್ಷ ಕಟ್ಟಿದ್ದನ್ನು ಒಂದು ದಿನದಲ್ಲಿ ಕೆಡವುತ್ತೀಯ" ಎಂದೆ. ಅನ್ನದ ಮುಂದೆ ಕೂತ ಮಗಳಿಗೆ ಆಡುವ ಮಾತಲ್ಲ ಅದು. ಅಂದಿನಿಂದ ಅದು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ. ನನ್ನನ್ನು ಕ್ಷಮಿಸು. ಉಳಿದದ್ದನ್ನೆಲ್ಲ ಬರೆಯುವ ಮೊದಲು ಇದನ್ನು ಬರೆಯಬೇಕಿತ್ತು.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಆಷಾಢದಲ್ಲಿ, ಮಳೆ ಜೋರಾಗಿದ್ದ ವಾರದಲ್ಲಿ, ನಾನು ಹೊನ್ನಾವರಕ್ಕೆ ಹೋಗಿ ಮೂರು ದಿನ ಇದ್ದು ಬಂದೆ. ನೀನು ನೋಡಿದ ಮನೆಯನ್ನೂ ನೋಡಿದೆ.

ನಮ್ಮ ಬೀದಿಯಿಂದ ಹೊರಗೆ ಬಂದರೆ ಸಿಗುವುದೇ ಬಿ.ಎಚ್. ರಸ್ತೆ. ಅಂಗಡಿಗಳ ಬೋರ್ಡಿನಲ್ಲಿ ಆ ಎರಡು ಅಕ್ಷರ ಓದಿಕೊಂಡೇ ನೀನು ಬೆಳೆದೆ. ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರಿನಲ್ಲಿಯೂ ಅದಕ್ಕೆ ಅದೇ ಹೆಸರು, ಭದ್ರಾವತಿ, ಶಿವಮೊಗ್ಗಗಳಲ್ಲಿಯೂ ಅದೇ ಹೆಸರು. ಹಿಂದೆ ತುಮಕೂರಿನಿಂದ ಹೊನ್ನಾವರದವರೆಗೆ ಇದು ಒಂದೇ ರಾಷ್ಟ್ರೀಯ ಹೆದ್ದಾರಿ, ಸಂಖ್ಯೆ 206. ಈಗ ತುಂಡು ತುಂಡಿಗೆ ಬೇರೆ ಸಂಖ್ಯೆ ಬಂದಿದೆ, ಆದರೆ ನನ್ನಂಥವರ ಬಾಯಲ್ಲಿ ಇಂದಿಗೂ ಎರಡುನೂರ ಆರೇ. 31 ವರ್ಷ ನಾನು ಈ ರಸ್ತೆಯ ಮೇಲೆ ಟಿಕೆಟ್ ಹರಿದೆ. ಕಿಬ್ಬನಹಳ್ಳಿ ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು, ಕ್ಯಾತ್ಸಂದ್ರ, ಡಾಬಸ್‌ಪೇಟೆ, ನೆಲಮಂಗಲ, ಮೆಜೆಸ್ಟಿಕ್. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಪಶ್ಚಿಮಕ್ಕೆ ಹಾಕಿದ ಡ್ಯೂಟಿಗಳಲ್ಲಿ ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗದವರೆಗೆ ಹೋಗಿದ್ದೇನೆ. ಶಿವಮೊಗ್ಗದ ನಿಲ್ದಾಣದಲ್ಲಿ ಹೊನ್ನಾವರದ ಬೋರ್ಡು ಹಾಕಿಕೊಂಡ ಬಸ್ಸು ನಮ್ಮ ಪಕ್ಕದಲ್ಲೇ ನಿಂತಿರುತ್ತಿತ್ತು. ಅದರ ಕಂಡಕ್ಟರನ ಜೊತೆ ಎಷ್ಟೋ ಸಲ ಟೀ ಕುಡಿದಿದ್ದೇನೆ. ಒಮ್ಮೆಯೂ ಹತ್ತಲಿಲ್ಲ. ನನ್ನ ಮನಸ್ಸಿನಲ್ಲಿ ಈ ರಸ್ತೆಗೆ ಒಂದೇ ತುದಿ ಇತ್ತು, ಅದು ಬೆಂಗಳೂರು.

ನಿನ್ನನ್ನು ಕಳುಹಿಸಿದ್ದೂ ಆ ತುದಿಗೇ. 2014ರ ಆ ಬೆಳಿಗ್ಗೆ ನನ್ನದೇ ಡ್ಯೂಟಿ ಇದ್ದ ಬಸ್ಸಿನಲ್ಲಿ ನಿನ್ನನ್ನು ಕೂರಿಸಿಕೊಂಡು ಹೋದೆ. ಹಾಸಿಗೆಯ ಸುರುಳಿ, ಒಂದು ಟ್ರಂಕು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಿದ್ದೆ ನೀನು. ಬಸ್ಸಿನಲ್ಲಿದ್ದ ಪರಿಚಯದವರಿಗೆಲ್ಲ ಟಿಕೆಟ್ಟಿನ ಜೊತೆಗೆ ಸುದ್ದಿಯನ್ನೂ ಕೊಟ್ಟೆ: ನನ್ನ ಮಗಳು ಕಂಪನಿಗೆ ಸೇರುತ್ತಿದ್ದಾಳೆ. ಅಂದಿನಿಂದ ಆ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೇ ತಿಂಗಳಲ್ಲಿ ನನಗೆ ಬಂದ ಸಿಟ್ಟನ್ನು ಈಗ ಕೂತು ಬಿಡಿಸಿ ನೋಡಿದರೆ ಅದರಲ್ಲಿ ನಿನ್ನ ಮೇಲಿನ ಕಾಳಜಿ ಕಾಲುಭಾಗವೂ ಇರಲಿಲ್ಲ. ಇನ್ನು ಮುಂದೆ ಆ ಮಾತು ಹೇಳಲಾಗುವುದಿಲ್ಲವಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು.

ಮೇ ತಿಂಗಳ ಆ ಊಟದ ರಾತ್ರಿಯೇ ಒಂದು ಗಂಟೆಯ ಮೇಲೆ ನೀರು ಕುಡಿಯಲು ಎದ್ದೆ. ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲಿನ ಮೇಲೆ ನೀನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಲ್ಲಿ ಮಾತ್ರ ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು ನನಗೂ ಗೊತ್ತು. ಕಿವಿಗೆ ಹಾಕಿಕೊಂಡು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತನಾಡುತ್ತಿದ್ದೆ, ನಗುವಿನ ದನಿಯಲ್ಲಿ. ಮುಖದಲ್ಲಿ ನಗು ಇರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರಿನ ಪಕ್ಕದ ಚರ್ಮವನ್ನು ತೋರುಬೆರಳಿನಿಂದ ಕೀಳುತ್ತಿದ್ದೆ. ರಕ್ತ ಬಂದಿತ್ತು, ಅದು ನಿನ್ನ ಗಮನಕ್ಕೇ ಬಂದಿರಲಿಲ್ಲ. ನಾನು ನಿಂತಿದ್ದೂ ಗಮನಕ್ಕೆ ಬರಲಿಲ್ಲ. ರಜೆಗೆ ಬಂದ ಮಗಳು ಅವಳು. ಬೆಳಿಗ್ಗೆ ನೀನು ಏಳುವ ಮುಂಚೆ ಆ ಮೆಟ್ಟಿಲಿನ ಮೇಲೆ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಒದ್ದೆ ಬಟ್ಟೆಯಿಂದ ನಾನೇ ಒರೆಸಿದೆ, ಅಮ್ಮನಿಗೆ ಹೇಳಲಿಲ್ಲ.

ನನ್ನ ಕೆಲಸವೂ ಸುಲಭದ್ದಾಗಿರಲಿಲ್ಲ. ಹಬ್ಬದ ದಿನಗಳಲ್ಲಿ ನೂರು ಜನ ತುಂಬಿದ ಬಸ್ಸಿನಲ್ಲಿ ಚಿಲ್ಲರೆಗಾಗಿ ಬೈಸಿಕೊಂಡಿದ್ದೇನೆ, ನಿಂತು ನಿಂತು ಕಾಲಿನ ನರ ಉಬ್ಬಿದೆ. ಆದರೆ ರಾತ್ರಿ ಡಿಪೋಗೆ ಬಂದು ಹಣ ಕಟ್ಟಿ, ವೇಬಿಲ್ ಕೊಟ್ಟು ಸಹಿ ಹಾಕಿದ ಮೇಲೆ ಆ ದಿನ ಮುಗಿಯುತ್ತಿತ್ತು. ಮನೆಗೆ ಬಂದ ಮೇಲೆ ಯಾವ ಪ್ರಯಾಣಿಕನೂ ನನ್ನ ತಲೆಯೊಳಗೆ ಹತ್ತುತ್ತಿರಲಿಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆಂದು 1961ರಲ್ಲೇ ಒಂದು ಕಾಯ್ದೆ ಬಂದಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48. ರಸ್ತೆ ಕೆಟ್ಟಾಗ, ಬಸ್ಸು ಕೆಟ್ಟಾಗ ಹೆಚ್ಚು ದುಡಿದಿದ್ದೇವೆ, ಆದರೂ ಲೆಕ್ಕ ಎಂಬುದೊಂದು ಇತ್ತು. ನಿನ್ನ ಕೆಲಸಕ್ಕೆ ಡಿಪೋ ಇಲ್ಲ, ಪುಟ್ಟಿ. ಬೆಳಿಗ್ಗೆ ಹೊರವರ್ತುಲ ರಸ್ತೆಯಲ್ಲಿ ಒಂದೂವರೆ ಗಂಟೆ, ಸಂಜೆ ಮತ್ತೆ ಒಂದೂವರೆ ಗಂಟೆ, ನಡುವೆ ಹತ್ತು ಗಂಟೆ ಕಚೇರಿ, ಮನೆಗೆ ಬಂದ ಮೇಲೆ ಅಮೆರಿಕಕ್ಕೆ ಬೆಳಗಾಗುತ್ತದೆ. ನಿನ್ನ ವಾರವನ್ನು ಅಮ್ಮನ ಕ್ಯಾಲೆಂಡರಿನ ಹಿಂದೆ ಬರೆದು ಕೂಡಿಸಿ ನೋಡಿದೆ. ಎಪ್ಪತ್ತು ದಾಟಿತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದ್ದನ್ನು ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡಾ 35ರಷ್ಟು ಹೆಚ್ಚಂತೆ. ನಿನ್ನ ವೈದ್ಯರು 'ಬರ್ನ್‌ಔಟ್' ಎಂದರು ಎಂದು ನೀನು ಹೇಳಿದಾಗ ಅದು ಈಗಿನವರ ಹೊಸ ಮಾತು ಎಂದುಕೊಂಡಿದ್ದೆ. ಅದನ್ನೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ವಿವರಿಸಿದೆ. ಕಾಯಿಲೆ ಎಂದಲ್ಲ, ಕೆಲಸದ ಜಾಗದಿಂದಲೇ ಹುಟ್ಟುವ ಸ್ಥಿತಿ ಎಂದು: ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಎಷ್ಟು ಮಾಡಿದರೂ ಏನೂ ಮಾಡಿದಂತಾಗದಿರುವುದು. ಮೂರನ್ನೂ ನೀನು ನಿನ್ನದೇ ಮಾತಿನಲ್ಲಿ ನಮಗೆ ಹೇಳಿದ್ದೆ. "ಎಲ್ಲರಿಗೂ ಇರುತ್ತದೆ" ಎಂದು ಬಿಟ್ಟವನು ನಾನು.

ಹಾಗಾಗಿ ಹೋದೆ. ಬೇಕೆಂದೇ ಆಷಾಢದಲ್ಲಿ ಹೋದೆ. ನೀನು ಆ ಮನೆ ನೋಡಿದ್ದು ಜನವರಿಯಲ್ಲಿ. ಜನವರಿಯಲ್ಲಿ ಯಾವ ಕಡಲೂ ಚೆಂದ. ಹೆಣ್ಣು ಕೊಡುವ ಮನೆಯನ್ನು ಹಬ್ಬದ ದಿನ ನೋಡಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಶಿವಮೊಗ್ಗದಲ್ಲಿ ಬಸ್ಸು ಬದಲಿಸಿದೆ. ಸಾಗರ, ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವಾಗ ಮಧ್ಯಾಹ್ನ ಮೂರಕ್ಕೇ ಬಸ್ಸಿನ ದೀಪ ಹಾಕಿದ್ದರು. ನಮ್ಮ ಕಡೆ ವರ್ಷಕ್ಕೆ ಬೀಳುವುದು ಆರೇಳು ನೂರು ಮಿಲಿಮೀಟರ್ ಮಳೆ, ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಸಂಖ್ಯೆಯಾಗಿ ನನಗೆ ಅದು ಮೊದಲೇ ಗೊತ್ತಿತ್ತು. ಆ ಘಟ್ಟದಲ್ಲಿ ಕಿಟಕಿಯ ಪರದೆ ಎಳೆದು ಕೂತಾಗ ಮೈಗೆ ಗೊತ್ತಾಯಿತು. ಕೆಳಗಿಳಿದ ಮೇಲೆ ಶರಾವತಿ ಪಕ್ಕದಲ್ಲೇ ಬಂದಳು, ಕೆಂಪಾಗಿ, ದಡ ತುಂಬಿ. ನನ್ನ ಪಕ್ಕ ಕೂತವರು ಒದ್ದೆ ಕೊಡೆಯನ್ನು ಕಾಲಿನ ನಡುವೆ ಇಟ್ಟುಕೊಂಡು ಏನೂ ಆಗದವರಂತೆ ನಿದ್ದೆ ಮಾಡುತ್ತಿದ್ದರು. ಸಂಜೆ ಹೊನ್ನಾವರದಲ್ಲಿ ಇಳಿದೆ. 31 ವರ್ಷ ದುಡಿದ ರಸ್ತೆಯ ಕೊನೆ ಅದು. ನಿಲ್ದಾಣದ ಮಾಡಿನ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ.

ಮರುದಿನ ಕರ್ಕಿಗೆ ಹೋದೆ. ನಿನ್ನ ಸ್ನೇಹಿತೆಯ ಮನೆಯವರಿಗೆ ನಿನ್ನ ಅಪ್ಪ ಎಂದು ಹೇಳಿಕೊಂಡೆ. ಅವರಿಗೂ ನಿನಗೆ ಹೇಳಬೇಡಿ ಎಂದು ಕೇಳಿಕೊಂಡಿದ್ದೆ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ. ಆ ಅಜ್ಜಿ ನನ್ನನ್ನು ಒಲೆಯ ಹತ್ತಿರ ಕೂರಿಸಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಮುರುಗಲು ಎಂಬ ಹುಳಿ ಹಣ್ಣಿನ ಸಿಪ್ಪೆಯ ಸಾರು ಬಡಿಸಿದರು. ಎರಡು ದಿನದಿಂದ ಕರೆಂಟ್ ಇರಲಿಲ್ಲ. ಜಗಲಿಗೆ ಮಳೆ ಹೊಡೆಯದಂತೆ ತೆಂಗಿನ ಗರಿಯ ತಟ್ಟಿ ಕಟ್ಟಿದ್ದರು, ಒಳಗೆ ಹಗಲೇ ಕತ್ತಲು. ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು, ಎಲ್ಲದಕ್ಕೂ ಹೊಗೆಯ ವಾಸನೆ. ನಾನು ಬೆಂಕಿಪೊಟ್ಟಣ ತೆಗೆದು ಐದು ಕಡ್ಡಿ ಗೀರಿದೆ, ಐದರ ಮದ್ದೂ ಹಿಟ್ಟಿನಂತೆ ಉದುರಿತು. ಅಜ್ಜಿ ಒಲೆಯ ಪಕ್ಕದ ಗೂಡಿನಿಂದ ತಮ್ಮ ಪೊಟ್ಟಣ ತೆಗೆದು ಒಂದೇ ಸಲಕ್ಕೆ ಹಚ್ಚಿದರು. ನೀನು ಇರಬೇಕೆಂದಿರುವ ಹಿಂದಿನ ಭಾಗದ ಕೋಣೆಯ ಕಿಟಕಿ ಸರಳನ್ನು ಹಿಡಿದು ನೋಡಿದೆ. ತುಕ್ಕು ಈರುಳ್ಳಿಯ ಪದರದ ಹಾಗೆ ಎದ್ದು ಅಂಗೈಗೆ ಬಂತು. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ನಿನ್ನ ಲ್ಯಾಪ್‌ಟಾಪ್‌ಗೂ ಅದೇ ಗಾಳಿ. ಗಾಳಿಯಾಡದ ಡಬ್ಬ ಒಂದು ಬೇಕಾಗುತ್ತದೆ.

ಕಡಲು ನೋಡಲು ಸಂಜೆ ಹೋದೆ. ಅದು ನೀಲಿ ಇರಲಿಲ್ಲ, ಕದಡಿದ ಕೆರೆಯ ಬಣ್ಣಕ್ಕಿತ್ತು. ಸದ್ದು ರಾತ್ರಿಯಿಡೀ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೀರಿಗೆ ಇಳಿಯುವುದಿಲ್ಲ ಎಂದು ನೀನು ನನಗೆ ಮಾತು ಕೊಡಬೇಕು. ನಮ್ಮ ಕಡೆಯ ಮಕ್ಕಳಿಗೆ ಕೆರೆಯ ಈಜು ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಜನ ಸತ್ತದ್ದು ನಿನಗೂ ನೆನಪಿರಬೇಕು. ಆ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲವೋ ಮಂಗಳೂರೋ ಗೋವೆಯೋ. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿಯ ಜನ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ಇದನ್ನೆಲ್ಲ ನಿನ್ನನ್ನು ಹೆದರಿಸಿ ಹಿಂದೆ ಎಳೆಯಲು ಬರೆಯುತ್ತಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ನಿನ್ನಿಂದ ಮುಚ್ಚಿಟ್ಟರೆ ಒಪ್ಪಿಗೆ ಕೊಟ್ಟೂ ಕೊಡದವನಾಗುತ್ತೇನೆ.

ಮೂರನೆಯ ದಿನ ಸೇತುವೆ ದಾಟಿ ಕಾಸರಕೋಡಿಗೆ ಹೋದೆ. ಯಾಂತ್ರಿಕ ದೋಣಿಗಳೆಲ್ಲ ಸಾಲಾಗಿ ಕಟ್ಟಿಹಾಕಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲೆಲ್ಲ ಅವುಗಳಿಗೆ ನಿಷೇಧ, ಮೀನು ಮರಿ ಮಾಡುವ ಕಾಲ ಅದು. ಮಾಡಿನ ಕೆಳಗೆ ಐದಾರು ಜನ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದರು. ನನ್ನ ವಯಸ್ಸಿನ ಒಬ್ಬರ ಪಕ್ಕ ಕೂತೆ. ಅವರ ಕೈ ನೋಡುತ್ತಾ ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹರಿದ ಜಾಗ ಸಿಕ್ಕ ಕೂಡಲೇ ಹೊಲಿಯುತ್ತಿರಲಿಲ್ಲ ಅವರು. ಮೊದಲು ಸುತ್ತಲಿನ ಸಡಿಲ ದಾರವನ್ನೆಲ್ಲ ಕತ್ತರಿಸಿ ತೆಗೆದು ತೂತನ್ನು ಇನ್ನೂ ದೊಡ್ಡದು ಮಾಡುತ್ತಿದ್ದರು. ಆಮೇಲೆ ಗಟ್ಟಿ ಕಣ್ಣಿನಿಂದ ಗಟ್ಟಿ ಕಣ್ಣಿಗೆ ಗಂಟು. ಎರಡು ತಿಂಗಳು ಹೀಗೆ ಆರಾಮವೇ ಎಂದು ಕೇಳಿದೆ. ಎರಡು ತಿಂಗಳು ಕೂತು ಉಣ್ಣಲು ಸಾಲ ಮಾಡಿರುತ್ತೇವೆ, ಆಗಸ್ಟ್ ಬಂದರೆ ಮೂರು ದಿನ ನಿದ್ದೆ ಇರುವುದಿಲ್ಲ ಎಂದರು. ನಿನ್ನ ಸ್ನೇಹಿತೆಯ ಮನೆಯಲ್ಲಿಯೂ ಇದೇ ಮಾತು ಕೇಳಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು ಹಣ್ಣಾಗುತ್ತದೆ, ಮೊದಲ ಮಳೆ ಬೀಳುವುದರೊಳಗೆ ಸಿಪ್ಪೆ ಬಿಸಿಲಿಗೆ ಒಣಗಿ ಡಬ್ಬ ಸೇರಬೇಕು. ಮೋಡ ಕಂಡರೆ ಅವರ ಮನೆಯಲ್ಲಿ ಊಟ ಬಿಟ್ಟು ಓಡುತ್ತಾರೆ. ಅವರ ಕೆಲಸದಲ್ಲಿ ನೀನೂ ಕೈಜೋಡಿಸುತ್ತೇನೆ ಎಂದಿದ್ದೀಯ, ಒಳ್ಳೆಯದು. ಅಲ್ಲಿಯೂ ಗಡುವು ಇದೆ ಎಂದು ತಿಳಿದು ಹೋಗು. ಒಂದು ವ್ಯತ್ಯಾಸ ನನಗೆ ಕಂಡಿತು, ಅದಕ್ಕೇ ನನ್ನ ಮನಸ್ಸು ತಿರುಗಿತು. ಅಲ್ಲಿಯ ಗಡುವು ಮಳೆ ಹಾಕಿದ್ದು. ಮಳೆ ಬಂದ ಮೇಲೆ ಅದು ಮುಗಿಯುತ್ತದೆ, ಎಲ್ಲರೂ ಒಳಗೆ ಬಂದು ಕೂರುತ್ತಾರೆ. ನಿನ್ನ ಮೆಟ್ಟಿಲಿನ ಮೇಲಿನ ರಾತ್ರಿಗೆ ಆ ಮುಗಿಯುವಿಕೆ ಇರಲಿಲ್ಲ.

ಅಲ್ಲಿಯ ಅಜ್ಜಿಯ ಜೊತೆ ಕೊಬ್ಬರಿಯ ಮಾತು ಬಂತು. ಅವರಿಗೂ ತೆಂಗು, ನಮಗೂ ತೆಂಗು. ನಮ್ಮಲ್ಲಿ ಕಾಯಿಯನ್ನು ಇಡಿಯಾಗಿ ಸುಮಾರು ಒಂದು ವರ್ಷ ಅಟ್ಟದ ಮೇಲೆ ಇಡುತ್ತೇವೆ ಎಂದರೆ ಅವರು ನಂಬಲಿಲ್ಲ. ಅವರ ಕಡೆ ಆ ತೇವಕ್ಕೆ ಕಾಯಿ ಕೊಳೆತು ಹೋಗುತ್ತದೆ, ಬೇಸಿಗೆಯಲ್ಲಿ ಒಡೆದು ಹೋಳು ಮಾಡಿ ಬಿಸಿಲಿಗೆ ಒಣಗಿಸಿ ಎಣ್ಣೆಗೆ ಹಾಕುತ್ತಾರೆ. ನಮ್ಮ ಒಣ ಗಾಳಿಯಿಂದಲೇ ತಿಪಟೂರಿನ ಉಂಡೆ ಕೊಬ್ಬರಿ ಉಂಡೆಯಾಗಿ ಉಳಿಯುವುದು. ಹೇಳುವಾಗಲೇ ನಿನ್ನ ನೆನಪಾಯಿತು. ನಿನಗೆ ಆರೋ ಏಳೋ ವರ್ಷ. ಅಟ್ಟ ಹತ್ತಿ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಒಳಗೆ ನೀರು ಗುಳುಗುಳು ಎನ್ನುತ್ತದೆ. ಆಮೇಲೆ ಆ ಸದ್ದು ಸಣ್ಣದಾಗುತ್ತಾ ಹೋಗಿ ಪೂರ್ತಿ ನಿಂತುಬಿಡುತ್ತದೆ. ಆ ನಿಂತ ತಿಂಗಳುಗಳಲ್ಲಿ ಕಾಯಿ ಸತ್ತಿದೆ ಎಂದೇ ಅನ್ನಿಸುತ್ತದೆ. ನೀನು ಹಾಗೆಯೇ ತಿಳಿದು ಅಳುತ್ತಾ ಒಂದನ್ನು ಕಲ್ಲಿಗೆ ಕುಕ್ಕಿ ಒಡೆದಿದ್ದೆ. ಒಳಗಿನ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡೇ ಇತ್ತು, ಮೆತ್ತಗೆ, ಹಳದಿಗೆ ತಿರುಗಿ. ಅದನ್ನು ಉಗುರಿನಿಂದ ಬಿಡಿಸಲು ನೋಡಿ ಸೋತು ನನ್ನ ಹತ್ತಿರ ತಂದೆ. ಹತ್ತು ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಅದೇ ರಾಶಿಯ ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸಿದರೆ ಗಡಗಡ ಎಂದಿತು. ಕೊಬ್ಬರಿ ತಾನಾಗಿಯೇ ಚಿಪ್ಪು ಬಿಟ್ಟಿತ್ತು. ನೀನು ಮನೆ ಪೂರ್ತಿ ಅಲ್ಲಾಡಿಸಿಕೊಂಡು ಓಡಾಡಿದ್ದೆ.

ನೀನು ಹೋದ ಮೇಲೆ ಆ ಸದ್ದು ನಿಂತ ತಿಂಗಳುಗಳು ನಿನಗೂ ಬರುತ್ತವೆ ಎಂದು ನನಗೆ ಭಯ. ಮೊದಲ ಎರಡು ತಿಂಗಳು ಹೊಸದೆಂಬ ಸಂತೋಷ ಇರುತ್ತದೆ. ಆಮೇಲೆ ಬೆಂಗಳೂರಿನವರ ಫೋನು ಕಡಿಮೆಯಾಗುತ್ತದೆ, ಜೊತೆಯವರಿಗೆ ಬಡ್ತಿ ಸಿಕ್ಕ ಸುದ್ದಿ ಬರುತ್ತದೆ, ಮಳೆ ಹಿಡಿಯುತ್ತದೆ. ನಾನು ನಿವೃತ್ತನಾದ ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಹೋಗಲು ಎಲ್ಲಿಗೂ ಇಲ್ಲದೆ ಹಾಸಿಗೆಯಲ್ಲಿ ಕೂರುತ್ತಿದ್ದೆ. ನೀವ್ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಏಳೆಂಟು ತಿಂಗಳು ಹಿಡಿಯಿತು. ಆದ್ದರಿಂದ ಒಂದೇ ಒಂದು ಕೇಳಿಕೊಳ್ಳುತ್ತೇನೆ: ಒಂದು ಪೂರ್ತಿ ವರ್ಷ ಇರು. ಒಂದು ಇಡೀ ಮಳೆಗಾಲ ಕಾಣು. ಅದಕ್ಕೆ ಮೊದಲು ಇದು ಸರಿಹೋಯಿತು ಎಂದೂ ತೀರ್ಮಾನಿಸಬೇಡ, ತಪ್ಪಾಯಿತು ಎಂದೂ ತೀರ್ಮಾನಿಸಬೇಡ.

ಹಣದ ವಿಷಯ ಬರೆಯದೆ ಇರಲಾರೆ. ಕೆಲಸ ಬಿಡುವ ದಿನವೇ ಕಂಪನಿಯ ಆರೋಗ್ಯ ವಿಮೆ ನಿಲ್ಲುತ್ತದೆ. ರಾಜೀನಾಮೆ ಕೊಡುವ ಮೊದಲೇ ನಿನ್ನ ಹೆಸರಿನಲ್ಲಿ ಬೇರೆ ವಿಮೆ ಮಾಡಿಸಿಕೊ. ಮೊದಲೇ ಇರುವ ತೊಂದರೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು, ಹಾಗಾಗಿ ನಿನ್ನ ರಕ್ತದೊತ್ತಡದ ವಿಷಯ ಮುಚ್ಚಿಡದೆ ಬರೆಸು. ಒಂದೇ ಕಡೆ ಐದು ವರ್ಷ ದಾಟಿದ್ದೀಯ, ಗ್ರಾಚ್ಯುಟಿ ನಿನ್ನ ಹಕ್ಕು, ಸಂಕೋಚಪಟ್ಟು ಬಿಟ್ಟುಬರಬೇಡ. ಭವಿಷ್ಯನಿಧಿ ಮುಟ್ಟಬೇಡ. ವಾರಕ್ಕೆ ಮೂರು ದಿನ ಮನೆಯಿಂದಲೇ ಹಳೆಯ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತೇನೆ ಎಂದಿದ್ದೀಯಲ್ಲ, ಆ ಮೂರು ದಿನ ಯಾವುವು ಎಂದು ಮೊದಲೇ ಬರೆದು ಒಪ್ಪಿಸಿಕೊ, ಗಂಟೆಯನ್ನೂ ಬರೆಸಿಕೊ. ಇಲ್ಲದಿದ್ದರೆ ಅದು ಏಳು ದಿನವಾಗಿ ಹರಡಿಕೊಳ್ಳುತ್ತದೆ. ಆಗ ಜಾಗ ಮಾತ್ರ ಬದಲಾಗಿರುತ್ತದೆ, ಮೆಟ್ಟಿಲು ಅದೇ ಇರುತ್ತದೆ.

ನಮ್ಮ ಚಿಂತೆ ಬಿಡು. ಈ ಮನೆಯ ತಾರಸಿ ನಿನ್ನ ಸಂಬಳದ್ದು, ಅಮ್ಮನ ಕಣ್ಣಿನ ಆಪರೇಷನ್ ನಿನ್ನ ಸಂಬಳದ್ದು. ಅದನ್ನು ನಾನು ಮರೆತಿಲ್ಲ. ಪಿಂಚಣಿ ಚಿಕ್ಕದು, ತೊಂಬತ್ತು ತೆಂಗಿನ ಮರ ಇವೆ, ನಮ್ಮಿಬ್ಬರಿಗೆ ಸಾಕು. 2023ರಲ್ಲಿ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿತ್ತು, ಆಗ ನೀನು ಕಳುಹಿಸಿದ ಹಣದಲ್ಲೇ ಗೊಬ್ಬರ ಹಾಕಿಸಿದೆ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಮುಂದಿನ ವರ್ಷ ಏನೋ ಯಾರು ಬಲ್ಲರು. ಆದರೂ ಮರ ನಿಂತಿರುತ್ತದೆ, ನಾವೂ ಇರುತ್ತೇವೆ. ನೀನು ತಿಂಗಳಿಗೆ ಇಷ್ಟು ಕಳುಹಿಸಲೇಬೇಕು ಎಂಬ ಲೆಕ್ಕದಲ್ಲಿ ಆ ಕುರ್ಚಿಯಲ್ಲಿ ಇನ್ನೊಂದು ದಿನವೂ ಕೂರಬೇಡ.

ನೆಂಟರು ಕೇಳುತ್ತಾರೆ. ಕೇಳಿಯೂ ಆಯಿತು. ಮೊನ್ನೆ ಮದುವೆ ಮನೆಯಲ್ಲಿ ನಿನ್ನ ಸೋದರಮಾವ "ಏನು ಭಾವ, ಮಗಳು ಕೆಲಸ ಬಿಟ್ಟಳಂತೆ" ಎಂದು ಎಲ್ಲರ ಎದುರು ಕೇಳಿದ. ಹೌದು, ಹೊನ್ನಾವರದಲ್ಲಿ ಮನೆ ಮಾಡುತ್ತಿದ್ದಾಳೆ, ನಾನೇ ಹೋಗಿ ನೋಡಿ ಬಂದೆ ಎಂದೆ. ಹಾಗೆ ಹೇಳುವಾಗ ದನಿ ನಡುಗಲಿಲ್ಲ. ನಿನ್ನ ಅಮ್ಮ ಪಕ್ಕದಲ್ಲಿದ್ದಳು. ಮನೆಗೆ ಬಂದ ಮೇಲೆ ನನ್ನ ತಟ್ಟೆಗೆ ಅವಳು ತುಪ್ಪ ಸ್ವಲ್ಪ ಹೆಚ್ಚೇ ಹಾಕಿದಳು.

ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್, ಹೊನ್ನಾವರದಿಂದ ಸುಮಾರು 290. ನಾವು ಇರುವುದು ಆ ರಸ್ತೆಯ ಮೇಲೆಯೇ. ಯಾವ ಕಡೆಯಿಂದ ಬಂದರೂ ನಮ್ಮ ಊರು ಸಿಗುತ್ತದೆ. ಯಾವ ತಿಂಗಳಲ್ಲಾದರೂ, ಯಾವ ಹೊತ್ತಿಗಾದರೂ ಇಳಿದು ಬಾ. ಯಾಕೆ ಬಂದೆ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ.

ಸಾಮಾನು ಸಾಗಿಸುವಾಗ ಬೆಂಗಳೂರಿನಿಂದ ಟೆಂಪೋ ಮಾಡಿಸಿದರೆ ಈ ದಾರಿಯಲ್ಲೇ ಬರಲು ಹೇಳು. ನಾನು ಕೈಮರದ ಹತ್ತಿರ ಹತ್ತಿಕೊಳ್ಳುತ್ತೇನೆ. ಎರಡು ಚೀಲ ರಾಗಿ ಹಿಟ್ಟು, ಹುರುಳಿಕಾಳು, ಹುಣಸೆಹಣ್ಣು ಅಮ್ಮ ಈಗಲೇ ಎತ್ತಿಟ್ಟಿದ್ದಾಳೆ. ಐವತ್ತು ಉಂಡೆ ಕೊಬ್ಬರಿಯನ್ನು ನಾನೇ ಆರಿಸಿದ್ದೇನೆ, ಒಂದೊಂದನ್ನೂ ಅಲ್ಲಾಡಿಸಿ ನೋಡಿ. ಅಲ್ಲಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಸ್ಟೀಲ್ ಡಬ್ಬದಲ್ಲಿಟ್ಟು ಒಲೆಯ ಪಕ್ಕ ಇಡು. ಹತ್ತನ್ನು ಆ ಅಜ್ಜಿಗೆ ಕೊಡು. ಇಡಿಯಾಗಿ ಒಣಗಿದ್ದನ್ನು ಅವರು ಕೈಯಲ್ಲಿ ಹಿಡಿದು ನೋಡಬೇಕು. ಕಿಟಕಿ ಸರಳಿಗೆ ಬಣ್ಣ ಹೊಡೆಯಲು ಉಪ್ಪುಕಾಗದ, ಬ್ರಷ್ಷು, ತುಕ್ಕು ತಡೆಯುವ ಬಣ್ಣದ ಡಬ್ಬ ತಂದಿಟ್ಟಿದ್ದೇನೆ. ಎರಡು ದಿನದ ಕೆಲಸ, ಮಳೆ ಬಿಟ್ಟ ಮೇಲೆ ಮಾಡಬೇಕು. ದಸರಾ ಕಳೆದ ಮೇಲೆ ಯಾವ ದಿನ ಎಂದು ತಿಳಿಸು.

ಹೆಬ್ಬೆರಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗು.

ಇಂತಿ ನಿನ್ನ ಪ್ರೀತಿಯ,
ಅಪ್ಪ